ಊರ ಬಾಗಿಲಲ್ಲೊಂದು ಶಾಲೆ

(ಗೇಮ್ ಮಾಡುವುದನ್ನು ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳಿವು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಕಟ್ಟಡದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಒಂದು ಹಳೆಯ ಗೇಮಿನೊಳಗೆ ಇರುವ ಶಾಲೆ ಅದು. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಒಳಗೆ ಕಾಲಿಡದೆಯೇ ಇಡೀ ಆಟ ಮುಗಿಸಬಹುದು, ಎಷ್ಟೋ ಜನ ಹಾಗೆಯೇ ಮುಗಿಸಿದ್ದಾರೆ. ಆದರೂ ಗೇಮ್ ಮಾಡುವವರು ಆ ಕಟ್ಟಡವನ್ನು ಒಮ್ಮೆ ಸುತ್ತು ಹಾಕಿ ಬರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಆಟದ ಹೆಸರು ಫೈನಲ್ ಫ್ಯಾಂಟಸಿ 6. ಜಪಾನಿನ ಸ್ಕ್ವೇರ್ ಕಂಪನಿ 1994ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ, ಟೀವಿಗೆ ಜೋಡಿಸಿ ಆಡುವ ಯಂತ್ರಕ್ಕೆ ತಂದದ್ದು. ಅದೇ ವರ್ಷ ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಹೆಸರು ಫೈನಲ್ ಫ್ಯಾಂಟಸಿ 3 ಅಂತ ಇತ್ತು, ಯಾಕೆಂದರೆ ನಡುವಿನ ಕೆಲವು ಭಾಗಗಳು ಆಗ ಅಲ್ಲಿಗೆ ಹೋಗಿರಲಿಲ್ಲ. ಶುರುವಿನ ದೃಶ್ಯ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹಿಮ ಬೀಳುತ್ತಿದೆ. ಮೂರು ದೊಡ್ಡ ಯಂತ್ರಗಳು ಹಿಮದಲ್ಲಿ ನಿಧಾನಕ್ಕೆ ಹೆಜ್ಜೆ ಹಾಕುತ್ತಿವೆ. ದೂರದಲ್ಲಿ ಒಂದು ಊರಿನ ದೀಪಗಳು. ಆ ಊರೇ ನಾರ್ಶೆ. ಬೆಟ್ಟದ ಮಡಿಲಲ್ಲಿರುವ ಕಲ್ಲಿದ್ದಲ ಗಣಿಯ ಊರು, ಎಲ್ಲಿ ನೋಡಿದರೂ ಹಬೆ, ಕೊಳವೆ, ಯಂತ್ರ.

ಆ ಯಂತ್ರಗಳಲ್ಲಿ ಒಂದರ ಮೇಲೆ ಕೂತಿರುವ ಹುಡುಗಿ ಟೆರ್ರಾ. ಸಾಮ್ರಾಜ್ಯದವರು ಅವಳ ತಲೆಗೆ ಒಂದು ಪಟ್ಟಿ ತೊಡಿಸಿ, ಅವಳ ಮನಸ್ಸನ್ನೇ ಹಿಡಿದಿಟ್ಟುಕೊಂಡು ದಾಳಿಗೆ ಕಳಿಸಿದ್ದಾರೆ. ಮುಂದೆ ಅವಳು ಎಚ್ಚರಗೊಂಡಾಗ ಏನೂ ನೆನಪಿಲ್ಲ. ತಾನು ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ, ಒಂದೂ ಗೊತ್ತಿಲ್ಲ. ಊರ ಕಾವಲುಗಾರರು ಅವಳನ್ನು ಹುಡುಕುತ್ತಿದ್ದಾರೆ. ಅವಳು ಗಣಿಯೊಳಗೆ ಬೀಳುತ್ತಾಳೆ. ಲಾಕ್ ಎಂಬವನು ಬರುತ್ತಾನೆ, ಮೂಗಲ್ ಎಂಬ ಪುಟ್ಟ ಬಿಳಿ ಜೀವಿಗಳ ಸಹಾಯದಿಂದ ಅವಳನ್ನು ಕಾಪಾಡುತ್ತಾನೆ. ಗುಟ್ಟಿನ ದಾರಿಯಿಂದ ಇಬ್ಬರೂ ಊರ ಹೊರಗೆ ಬಂದುಬಿಡುತ್ತಾರೆ.

ಹೊರಗೆ ಬಂದ ತಕ್ಷಣ, ಊರಿನ ಬಾಗಿಲ ಹತ್ತಿರವೇ, ನಮ್ಮ ಶಾಲೆ.

ಜಾಗ ಗಮನಿಸಿ. ಕಥೆಯಲ್ಲಿ ಹುಡುಗಿಗೆ ಏನೂ ನೆನಪಿಲ್ಲ. ಕಂಟ್ರೋಲರ್ ಹಿಡಿದವರಿಗೂ ಇನ್ನೂ ಏನೂ ಗೊತ್ತಿಲ್ಲ. ಊರಿನವರು ಇವಳನ್ನು ಕಂಡರೆ ಹಿಡಿಯುತ್ತಾರೆ. ಶಾಲೆಯ ಬಾಗಿಲು ಮಾತ್ರ ತೆರೆದಿದೆ. ಯಾರೂ ಕೈ ಹಿಡಿದು ಎಳೆಯುವುದಿಲ್ಲ. ಬಾಣದ ಗುರುತು ತೋರಿಸಿ 'ಇಲ್ಲಿ ಹೋಗು' ಅನ್ನುವುದಿಲ್ಲ. ಸುಮ್ನೆ ಅಲ್ಲಿದೆ.

ಒಳಗೆ ಹೋದರೆ ಮೂರು ವಿಷಯಗಳು ಸಿಗುತ್ತವೆ. ಪಾಠ ಹೇಳುವವರು ನಿಂತಿದ್ದಾರೆ. ಅವರ ಎದುರು ನಿಂತು ಬಟನ್ ಒತ್ತಿದರೆ ಆಟದ ಒಂದೊಂದು ವಿಷಯ ಹೇಳುತ್ತಾರೆ. ನೆಲದ ಮೇಲೆ ಹೊಳೆಯುವ ಗುರುತೊಂದಿದೆ, ಅದು ಸೇವ್ ಪಾಯಿಂಟ್, ಅಂದರೆ ಅಲ್ಲಿಯವರೆಗಿನ ಆಟವನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಜಾಗ. ಮತ್ತೆ ಒಂದು ಬಕೆಟ್. ಅದರ ನೀರು ಕುಡಿದರೆ ಕಳೆದುಕೊಂಡ ಶಕ್ತಿಯೆಲ್ಲ ವಾಪಸ್ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಊರಿನ ವಸತಿಗೃಹದಲ್ಲಿ ಮಲಗಿ ಏಳಬೇಕಾದರೆ ಕಾಸು ಬೇಕು. ಇಲ್ಲಿ ಬೇಡ.

ಪಾಠ, ನೆನಪು, ನೀರು. ಮೂರನ್ನೂ ಒಂದೇ ಸೂರಿನ ಕೆಳಗೆ ಇಟ್ಟಿದ್ದಾರೆ. ನಾನು ಇವತ್ತು ಹೇಳಬೇಕು ಅಂತಿರುವುದೇ ಇದು. ಪಾಠದ ಪಕ್ಕದಲ್ಲೇ ಸೇವ್ ಪಾಯಿಂಟ್ ಇಟ್ಟದ್ದು ಬರೀ ಅನುಕೂಲಕ್ಕಲ್ಲ. ಕಲಿಯುವವನಿಗೆ ಮೊದಲು ಹೆದರಿಕೆ ಹೋಗಬೇಕು. ಕಳೆದುಕೊಳ್ಳುತ್ತೇನೆ ಅನ್ನುವ ಭಯ ಇರುವಾಗ ಹೇಳಿದ ಪಾಠ ತಲೆಗೆ ಹೋಗುವುದಿಲ್ಲ.

ಇದು ನನಗೆ ಗೊತ್ತಾದದ್ದು ನನ್ನ ಅಕ್ಕನ ಮಗಳಿಂದ. ಹತ್ತು ವರ್ಷದವಳು. ನನ್ನ ಹಳೆಯ ಕಾರ್ಟ್ರಿಜ್, ಅಂದರೆ ಆಟ ತುಂಬಿರುವ ಡಬ್ಬಿ, ಹಾಕಿ ಕೊಟ್ಟಿದ್ದೆ. ಶಾಲೆಗೆ ಹೋದಳು. ಒಬ್ಬ ಮೇಷ್ಟ್ರ ಹತ್ತಿರ ಮಾತಾಡಿದಳು. ಹೊಳೆಯುವ ಗುರುತಿನ ಮೇಲೆ ಹೋಗಿ ನಿಂತಳು, ಮೆನು ತೆರೆದಳು, ಸೇವ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮಾಮ, ಈಗ ಸತ್ತರೂ ಪರವಾಗಿಲ್ಲ ಅಲ್ವಾ?" ಅಂತ ಕೇಳಿದಳು. ಪರವಾಗಿಲ್ಲ ಅಂದೆ. ಅಷ್ಟೇ ಬೇಕಿತ್ತು ಅವಳಿಗೆ. ಹೊರಗೆ ಓಡಿ ಕಂಡ ಕಂಡ ಪ್ರಾಣಿಗಳ ಜೊತೆ ಹೊಡೆದಾಡಿದಳು. ಅಲ್ಲಿಯವರೆಗೆ ಒಂದೇ ಬಟನ್ ಒತ್ತುತ್ತಿದ್ದವಳು ಈಗ ಮೆನುವಿನಲ್ಲಿ ಇರುವುದನ್ನೆಲ್ಲ ಒತ್ತಿ ನೋಡುತ್ತಿದ್ದಳು. ಇದು ಏನು ಮಾಡುತ್ತೆ, ಅದು ಏನು ಮಾಡುತ್ತೆ. ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಅವಳಿಗೆ ಆಗ ಅರ್ಥವಾಗಿರಲಿಲ್ಲ. ಹೊರಗೆ ಹೋಗಿ ಏಟು ತಿಂದು ವಾಪಸ್ ಬಂದು, ಅದೇ ಮೇಷ್ಟ್ರ ಎದುರು ನಿಂತು, ಅದೇ ಮಾತನ್ನು ಮತ್ತೆ ಓದಿಸಿಕೊಂಡಳು. ಈ ಸಲ ಅರ್ಥವಾಯಿತು.

ಇದರಲ್ಲಿ ಎರಡು ಸಂಗತಿ ಇವೆ. ಒಂದು, ಮೇಷ್ಟ್ರಿಗೆ ಬೇಸರವಿಲ್ಲ. ನೂರು ಸಲ ಕೇಳಿದರೂ ಮೊದಲ ಸಲದಷ್ಟೇ ತಾಳ್ಮೆಯಿಂದ ಅದೇ ಮಾತು ಹೇಳುತ್ತಾರೆ. ಗೇಮಿನ ಪಾತ್ರಗಳು ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತವೆ ಅಂತ ನಾವು ದೂರುತ್ತೇವೆ. ಶಾಲೆಯಲ್ಲಿ ಅದೇ ದೊಡ್ಡ ಗುಣ. ಎರಡು, ಪ್ರಶ್ನೆ ಹುಟ್ಟಿದ ಮೇಲೆ ವಾಪಸ್ ಹೋಗಲು ಒಂದು ಜಾಗ ಇದೆ. ಆಟ ಕಲಿಸಲೆಂದು ಶುರುವಿನಲ್ಲಿ ಇಡುವ ಈಗಿನ ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಅದೇ ಇಲ್ಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದು ಸ್ಕ್ರೀನ್ ತುಂಬ ನಿಲ್ಲುತ್ತದೆ. ಒಂದು ಬಟನ್ ಒತ್ತಿದರೆ ಹೋಗುತ್ತದೆ. ಎರಡು ಗಂಟೆ ಆದ ಮೇಲೆ ಪ್ರಶ್ನೆ ಹುಟ್ಟಿದಾಗ ಅದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಇನ್ನು ಸೇವ್ ವಿಷಯಕ್ಕೆ ಬರೋಣ. ಇವತ್ತು ಆಟ ತಾನೇ ಸೇವ್ ಆಗುತ್ತದೆ. ಹಾಗಾಗಿ ಆ ಕಾಲದಲ್ಲಿ ಇದು ಎಷ್ಟು ದೊಡ್ಡ ವಿಷಯ ಆಗಿತ್ತು ಅನ್ನುವುದು ಸುಲಭವಾಗಿ ಅರಿವಿಗೆ ಬರುವುದಿಲ್ಲ. 1986ರಲ್ಲಿ ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ಆಟ ಬಂದಾಗ ಕಾರ್ಟ್ರಿಜ್‌ಗೆ ನೆನಪಿನ ಶಕ್ತಿಯೇ ಇರಲಿಲ್ಲ. ಆಟ ನಿಲ್ಲಿಸಬೇಕಾದರೆ ಅರಮನೆಗೆ ಹೋಗಿ ರಾಜನ ಜೊತೆ ಮಾತಾಡಬೇಕು. ರಾಜ 20 ಅಕ್ಷರಗಳ ಒಂದು ಮಂತ್ರ ಹೇಳುತ್ತಾನೆ. ಮತ್ತೆ ಜೀವ ಕೊಡುವ ಮಂತ್ರ ಅಂತಲೇ ಅದಕ್ಕೆ ಹೆಸರು. ಅದನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಾಳೆ ಅದನ್ನೇ ಒಂದೊಂದಾಗಿ ಒತ್ತಿದರೆ ನಿನ್ನೆ ಬಿಟ್ಟಲ್ಲಿಂದ ಆಟ. ಎರಡನೆಯ ಭಾಗದಲ್ಲಿ ಮಂತ್ರ 52 ಅಕ್ಷರದವರೆಗೂ ಬೆಳೆಯಿತು. ಜಪಾನಿ ಲಿಪಿಯಲ್ಲಿ ಕೆಲವು ಅಕ್ಷರಗಳಿಗೂ ಇನ್ನು ಕೆಲವಕ್ಕೂ ಇರುವ ವ್ಯತ್ಯಾಸ ಎರಡು ಪುಟ್ಟ ಗೀಟು, ಇಲ್ಲವೇ ಒಂದು ಪುಟ್ಟ ಸೊನ್ನೆ ಅಷ್ಟೇ. ಆಗಿನ ಟೀವಿಯಲ್ಲಿ ಅದು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಒಂದು ಅಕ್ಷರ ತಪ್ಪು ಬರೆದರೆ ಮುಗಿಯಿತು, ಅಷ್ಟು ದಿನದ ಆಟ ನೀರಿಗೆ ಹಾಕಿದ ಹಾಗೆ.

1988ರಲ್ಲಿ ಮೂರನೆಯ ಭಾಗಕ್ಕೆ ಕಾರ್ಟ್ರಿಜ್ ಒಳಗೇ ಬ್ಯಾಟರಿ ಬಂತು. ಅದಕ್ಕೆ ಮೊದಲೇ, 1987ರಲ್ಲಿ, ಮೊದಲ ಫೈನಲ್ ಫ್ಯಾಂಟಸಿ ಬ್ಯಾಟರಿ ಇಟ್ಟುಕೊಂಡೇ ಬಂದಿತ್ತು. ಅಮೆರಿಕದಲ್ಲಿ ಅದೇ ವರ್ಷ ಬಂದ ಜೆಲ್ಡಾ ಎಂಬ ಆಟದ ಕಾರ್ಟ್ರಿಜ್‌ನಲ್ಲೂ ಬ್ಯಾಟರಿ ಇತ್ತು. ಆಮೇಲೆ 1991ರ ಫೈನಲ್ ಫ್ಯಾಂಟಸಿ 4ರಲ್ಲಿ ಗುಹೆಗಳ ಒಳಗೆ ಸೇವ್ ಪಾಯಿಂಟ್ ಬಂತು. ಅಂದರೆ ಸೇವ್ ಅನ್ನುವುದಕ್ಕೆ ಒಂದು ಜಾಗ ಸಿಕ್ಕಿತು, ಕಾಲಿಟ್ಟು ನಿಲ್ಲುವಂಥ ಜಾಗ. ನಾರ್ಶೆಯ ಶಾಲೆಯಲ್ಲಿ ಇರುವುದು ಅದೇ ವಂಶದ್ದು.

ಫೈನಲ್ ಫ್ಯಾಂಟಸಿ 6ರ ಕಾರ್ಟ್ರಿಜ್ ಬಿಚ್ಚಿ ನೋಡಿದರೆ ಒಳಗೆ ಒಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ದುಂಡಗೆ, ಚಪ್ಪಟೆ, 3 ವೋಲ್ಟ್‌ನದು. ಟೀವಿ ಆರಿಸಿ, ಯಂತ್ರದ ಪ್ಲಗ್ ಕಿತ್ತು, ಕಾರ್ಟ್ರಿಜ್ ತೆಗೆದು ಕಪಾಟಿನಲ್ಲಿಟ್ಟರೂ ಅದು ಒಂದೇ ಒಂದು ಚಿಪ್ಪಿಗೆ ಸಣ್ಣಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಆ ಚಿಪ್ಪಿನ ಗಾತ್ರ 8 ಕಿಲೋಬೈಟ್. ಈಗ ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಅಷ್ಟರಲ್ಲೇ ಮೂರು ಜನರ ಮೂರು ಆಟ ಹಿಡಿಸಬೇಕು. ಆಟದಲ್ಲಿ ನಮ್ಮ ಕಡೆ ಸೇರುವ ಪಾತ್ರಗಳು 14. ಪ್ರತಿಯೊಬ್ಬರ ಹೆಸರು, ಲೆವೆಲ್, ತೊಟ್ಟ ಆಯುಧ, ಕಲಿತ ಮಂತ್ರ, ಚೀಲದಲ್ಲಿರುವ ವಸ್ತು, ಕೈಯಲ್ಲಿರುವ ಕಾಸು, ಯಾವ ಊರಲ್ಲಿ ಏನೇನು ನಡೆದುಹೋಗಿದೆ, ಎಲ್ಲವೂ.

ಹೇಗೆ ಹಿಡಿಸಿದರು? ಎಲ್ಲವನ್ನೂ ಬರೆಯಲು ಹೋಗಲಿಲ್ಲ. ಒಂದು ಪೆಟ್ಟಿಗೆ ತೆರೆದಿದ್ದೀರಾ ಇಲ್ಲವಾ ಅನ್ನುವುದಕ್ಕೆ ಒಂದು ಬಿಟ್ ಸಾಕು. ಇಲ್ಲ ಅಂದರೆ ಸೊನ್ನೆ, ಹೌದು ಅಂದರೆ ಒಂದು. ಎಂಟು ಪೆಟ್ಟಿಗೆಗೆ ಒಂದು ಬೈಟ್. ಕಥೆಯ ತಿರುವುಗಳೂ ಹಾಗೇ. ಈ ಮಾತುಕತೆ ಆಗಿದೆಯಾ, ಆ ಬಾಗಿಲು ತೆರೆದಿದೆಯಾ. ಮೂವತ್ತು ನಲವತ್ತು ಗಂಟೆ ಆಡಿದ ಆಟ ಕೊನೆಗೆ ಹೌದು ಇಲ್ಲಗಳ ಒಂದು ಸಾಲಾಗಿ ಆ ಪುಟ್ಟ ಚಿಪ್ಪಿನಲ್ಲಿ ಕೂತಿರುತ್ತದೆ. ನೀವು ಹೊಳೆಯುವ ಗುರುತಿನ ಮೇಲೆ ನಿಂತು ಸೇವ್ ಅಂದಾಗ ಬದಲಾಗುವುದು ಅದೇ ಸಾಲು. ಬ್ಯಾಟರಿ ಪೂರ್ತಿ ಮುಗಿದ ದಿನ ಸಾಲು ಅಳಿಸಿಹೋಗುತ್ತದೆ. ಹಳೆಯ ಕಾರ್ಟ್ರಿಜ್ ಇಟ್ಟುಕೊಂಡವರು ಬ್ಯಾಟರಿ ಬದಲಾಯಿಸುವುದನ್ನು ಕಲಿತಿರುವುದು ಇದಕ್ಕೇ.

ಇನ್ನೊಂದು ವಿಷಯ ಇದೆ, ಇದನ್ನು ಹೇಳಲು ನನಗೆ ಜಾಸ್ತಿ ಇಷ್ಟ. ಈ ಆಟದ ಆ ಮೊದಲ ಸೂಪರ್ ಫ್ಯಾಮಿಕಾಮ್ ರೂಪದಲ್ಲಿ, ನಿಮ್ಮ ಕಡೆಯವರೆಲ್ಲ ಸತ್ತರೆ ಆಟ ಕೊನೆಯ ಸೇವ್‌ಗೆ ತಾನಾಗಿ ವಾಪಸ್ ಹೋಗುತ್ತದೆ. ಅಲ್ಲಿಯವರೆಗೆ ಸಿಕ್ಕಿದ ವಸ್ತುಗಳು ಹೋದವು, ಕಾಸು ಹೋಯಿತು, ತೆರೆದ ಪೆಟ್ಟಿಗೆಗಳು ಮತ್ತೆ ಮುಚ್ಚಿಕೊಂಡವು. ಆದರೆ ಹೊಡೆದಾಡಿ ಗಳಿಸಿದ ಅನುಭವದ ಅಂಕಗಳು ಹೋಗುವುದಿಲ್ಲ. ಲೆವೆಲ್ ಏರಿದ್ದರೆ ಏರಿದಂತೆಯೇ ಇರುತ್ತದೆ. ಸತ್ತು ಹುಟ್ಟಿದ ಪಾತ್ರ ಮೊದಲಿಗಿಂತ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ.

ಯೋಚಿಸಿ ನೋಡಿ. ಒಂದು ಬಾಸ್, ಅಂದರೆ ದಾರಿಯ ಕೊನೆಗೆ ನಿಂತ ದೊಡ್ಡ ಶತ್ರು, ಅದರ ಹತ್ತಿರ ಐದು ಸಲ ಸತ್ತಿದ್ದೀರಿ. ಐದು ಸಲವೂ ಆ ಬಾಸ್ ತನಕದ ದಾರಿಯಲ್ಲಿ ಹೊಡೆದಾಡಿದ್ದೀರಿ. ಆರನೆಯ ಸಲ ಹೋಗುವಾಗ ನಿಮಗೂ ದಾರಿ ಗೊತ್ತು, ನಿಮ್ಮ ಪಾತ್ರಕ್ಕೂ ಬಲ ಬಂದಿದೆ. ಸೋತವನ ಕೈ ಪೂರ್ತಿ ಖಾಲಿ ಆಗಬಾರದು ಅಂತ ಯಾರೋ ಕೂತು ನಿರ್ಧಾರ ಮಾಡಿದ್ದಾರೆ. ಶಾಲೆಯಲ್ಲಿ ಬಕೆಟ್ ನೀರು ಇಟ್ಟದ್ದೂ ಇದೂ ಒಂದೇ ಮನಸ್ಸಿನ ಕೆಲಸ ಅಂತ ನನಗನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಯೋಚನೆಯೂ ಇದೆ, ಅದೂ ಒಳ್ಳೆಯದೇ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಸೇವ್ ಮಾಡಲು ಟೈಪ್‌ರೈಟರ್ ಬೇಕು, ಜೊತೆಗೆ ಶಾಯಿಯ ರಿಬ್ಬನ್ ಬೇಕು. ರಿಬ್ಬನ್ ಲೆಕ್ಕದಷ್ಟೇ ಸಿಗುತ್ತದೆ. ಈಗ ಸೇವ್ ಮಾಡಲಾ, ಇನ್ನೊಂದು ಕೋಣೆ ನೋಡಿ ಬರಲಾ ಅಂತ ಆಟಗಾರ ಒದ್ದಾಡಬೇಕು. ಅದು ಹೆದರಿಸುವ ಆಟ, ಹಾಗಾಗಿ ಸೇವ್ ಕೂಡ ಹೆದರಿಸುತ್ತದೆ. ಅಲ್ಲಿ ಅದು ಸರಿ. ಆದರೆ ನೀವು ಮಾಡುತ್ತಿರುವುದು ಜನರಿಗೆ ಏನಾದರೂ ಕಲಿಸುವ ಆಟವಾದರೆ, ರಿಬ್ಬನ್ ದಾರಿ ಹಿಡಿಯಬೇಡಿ.

ಈಗ ಪಾಠಕ್ಕೆ ಬರೋಣ. ಏನು ಕಲಿಸಬೇಕಿತ್ತು ಈ ಆಟ? ಹೊರಗಿನಿಂದ ನೋಡಿದರೆ ಸುಲಭ. ಪಾತ್ರಗಳು ಒಂದು ಕಡೆ, ಶತ್ರುಗಳು ಇನ್ನೊಂದು ಕಡೆ. ಆದರೆ ಇಲ್ಲಿ ಇನ್ನೊಬ್ಬರ ಸರದಿ ಮುಗಿಯಲಿ ಅಂತ ಯಾರೂ ಕಾಯುವುದಿಲ್ಲ. ಪ್ರತಿ ಪಾತ್ರಕ್ಕೂ ಕಾಲ ಕಳೆದ ಹಾಗೆ ತುಂಬುವ ಒಂದು ಪಟ್ಟಿ ಇದೆ, ಅದು ತುಂಬಿದಾಗ ಅವರ ಸರದಿ. ನೀವು ಮೆನು ನೋಡುತ್ತಾ ಕೂತರೆ ಅಷ್ಟರಲ್ಲಿ ಶತ್ರು ಹೊಡೆದಿರುತ್ತಾನೆ. ಹಿರೋಯುಕಿ ಇಟೊ ಎಂಬವರು ಫೈನಲ್ ಫ್ಯಾಂಟಸಿಯ ನಾಲ್ಕನೆಯ ಭಾಗಕ್ಕೆಂದು ಕಟ್ಟಿದ ಪದ್ಧತಿ ಇದು. ಆರನೆಯ ಭಾಗದ ಇಬ್ಬರು ನಿರ್ದೇಶಕರಲ್ಲಿ ಅವರೂ ಒಬ್ಬರು, ಇನ್ನೊಬ್ಬರು ಯೋಶಿನೊರಿ ಕಿಟಾಸೆ. ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಇದೆ, ಅದನ್ನು ಇಟ್ಟುಕೊಂಡರೆ ಮಂತ್ರದ ಪಟ್ಟಿಯನ್ನೋ ವಸ್ತುಗಳ ಪಟ್ಟಿಯನ್ನೋ ತೆರೆದಾಗ ಕಾಲ ನಿಲ್ಲುತ್ತದೆ. ಹೊಸಬರಿಗೆ ಇದು ಪ್ರಾಣ ಉಳಿಸುವ ಸಂಗತಿ. ಹಿಂದಿನ ಸಾಲಿನಲ್ಲಿ ನಿಂತವರಿಗೆ ಕತ್ತಿಯ ಏಟು ಅರ್ಧ ಮಾತ್ರ ತಾಗುತ್ತದೆ, ಅವರು ಹೊಡೆಯುವ ಏಟೂ ಸಾಮಾನ್ಯವಾಗಿ ಅರ್ಧವಾಗುತ್ತದೆ. ಮಂತ್ರ ಹಾಕುವವರನ್ನು ಹಿಂದೆ ನಿಲ್ಲಿಸುವುದು ಅದಕ್ಕೇ. ಒಬ್ಬೊಬ್ಬರು ಎರಡು ರೆಲಿಕ್, ಅಂದರೆ ವಿಶೇಷ ಗುಣ ಕೊಡುವ ತೊಡುಗೆ, ತೊಡಬಹುದು. ಓಟದ ಬೂಟು ಅನ್ನುವ ರೆಲಿಕ್ ತೊಟ್ಟರೆ ನಡಿಗೆಯ ವೇಗವೇ ಹೆಚ್ಚಾಗುತ್ತದೆ. ನಾನು ಮೊದಲ ಸಲ ಆಡಿದಾಗ ರೆಲಿಕ್ ಬಗ್ಗೆ ಯಾರನ್ನೂ ಕೇಳಿರಲಿಲ್ಲ. ಎಷ್ಟೋ ಗಂಟೆ ಆ ದೊಡ್ಡ ಲೋಕವನ್ನು ನಿಧಾನಕ್ಕೆ ನಡೆದೇ ದಾಟಿದೆ. ಎರಡನೆಯ ಸಲ ಆಡುವಾಗ ಬೂಟು ತೊಟ್ಟ ಕ್ಷಣದ ಖುಷಿ ಇನ್ನೂ ನೆನಪಿದೆ.

ಹಾಗಾದರೆ ಶಾಲೆ ಇದ್ದರೆ ಸಾಕಾ? ಸಾಲದು. ಇದನ್ನು ಒಪ್ಪಿಕೊಳ್ಳಲೇಬೇಕು. ನಿಂತು ಹೇಳುವ ಪಾಠಕ್ಕೆ ಒಂದು ಮಿತಿ ಇದೆ. ಇದೇ ಆಟದ ಅತ್ಯಂತ ಒಳ್ಳೆಯ ಪಾಠ ಶಾಲೆಯಲ್ಲಿಲ್ಲ, ಗಣಿಯಲ್ಲಿದೆ. ಶುರುವಿನಲ್ಲೇ ಒಂದು ದೊಡ್ಡ ಶಂಖದ ಹುಳು ಎದುರಾಗುತ್ತದೆ. ಟೆರ್ರಾ ಜೊತೆಗಿರುವ ಇಬ್ಬರು ಸೈನಿಕರು ಅಲ್ಲೇ ಮಾತಾಡಿಕೊಳ್ಳುತ್ತಾರೆ. ಈ ಪ್ರಾಣಿ ಮಿಂಚನ್ನು ಚಿಪ್ಪಿನಲ್ಲಿ ಕೂಡಿಟ್ಟುಕೊಂಡಿದೆ, ಚಿಪ್ಪಿಗೆ ಹೊಡೆಯಬೇಡ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಹುಳು ತಲೆ ಒಳಗೆ ಎಳೆದುಕೊಳ್ಳುತ್ತದೆ. ಬಟನ್ ಒತ್ತುವ ಭರದಲ್ಲಿದ್ದವರು ಚಿಪ್ಪಿಗೆ ಹೊಡೆಯುತ್ತಾರೆ. ಮಿಂಚು ಬಂದು ಬಡಿಯುತ್ತದೆ. ಆಮೇಲೆ ಜೀವಮಾನದಲ್ಲಿ ಮರೆಯುವುದಿಲ್ಲ. ಯಾವಾಗ ಹೊಡೆಯಬೇಕು ಅನ್ನುವುದಕ್ಕಿಂತ ಯಾವಾಗ ಕೈ ಕಟ್ಟಿ ಕಾಯಬೇಕು ಅನ್ನುವುದನ್ನು ಈ ಆಟ ಹೀಗೆ ಕಲಿಸಿತು. ಇದನ್ನು ಕೋಣೆಯೊಳಗೆ ನಿಂತು ಹೇಳಿದ್ದರೆ ಯಾರ ತಲೆಯಲ್ಲೂ ಉಳಿಯುತ್ತಿರಲಿಲ್ಲ.

ಅದೇ ಆಟ ಒಂದು ಕಡೆ ಎಡವಿದ್ದೂ ಇದೆ. ಸ್ವಲ್ಪ ಮುಂದೆ ಬೆಟ್ಟದ ಮೇಲೆ ಸೇಬಿನ್ ಎಂಬ ಮಲ್ಲ ಬರುತ್ತಾನೆ. ಅವನ ಪಟ್ಟುಗಳನ್ನು ಮೆನುವಿನಿಂದ ಆರಿಸುವ ಹಾಗಿಲ್ಲ. ಮೆನುವಿನಲ್ಲಿ ಬ್ಲಿಟ್ಜ್ ಅನ್ನುವುದನ್ನು ಮಾತ್ರ ಆರಿಸಿ, ಆಮೇಲೆ ಎಡ, ಬಲ, ಎಡ ಅಂತ ಒತ್ತಿ, ಕೊನೆಗೆ ಒಪ್ಪಿಗೆಯ ಬಟನ್ ಒತ್ತಬೇಕು. ಎದುರಾಳಿ ವರ್ಗಸ್‌ನನ್ನು ಮುಗಿಸಲು ಅದೇ ಪಟ್ಟು ಬೇಕು. ತಲೆಯ ಮೇಲೆ ಸಾವಿನ ಎಣಿಕೆ ಇಳಿಯುತ್ತಿರುತ್ತದೆ. ಹೊಸಬರು ಅಲ್ಲಿ ಸಿಕ್ಕಿಕೊಂಡದ್ದು ಅಷ್ಟಿಷ್ಟಲ್ಲ. ಒತ್ತುವ ಕ್ರಮವನ್ನು ಆಟ ತೋರಿಸುತ್ತದೆ, ಆದರೆ ಗಾಬರಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಎಣಿಕೆ ಇಳಿಯುತ್ತಿರುವಾಗ ಹೊಸ ಪಾಠ ಶುರು ಮಾಡಬಾರದಿತ್ತು. ಇದು ನನ್ನ ಅಭಿಪ್ರಾಯ. ಅದೇ ನನಗೆ ತುಂಬ ಇಷ್ಟವಾದ ಜಾಗ ಅನ್ನುವವರೂ ಇದ್ದಾರೆ, ಅವರ ಜೊತೆ ಜಗಳವಿಲ್ಲ.

ಬೇರೆ ಆಟಗಳು ಈ ಶಾಲೆಯನ್ನು ಬೇರೆ ಬೇರೆ ತರ ಕಟ್ಟಿವೆ. 1996ರಲ್ಲಿ ಬಂದ ಮೊದಲ ಪೋಕೆಮಾನ್ ಆಟಗಳಲ್ಲಿ, ವಿರಿಡಿಯನ್ ಎಂಬ ಊರಿನಲ್ಲಿ ಒಂದು ಪುಟ್ಟ ಶಾಲೆ ಇದೆ. ಕಪ್ಪು ಹಲಗೆಯ ಮೇಲೆ ನಿದ್ದೆ, ವಿಷ, ಲಕ್ವ, ಸುಟ್ಟ ಗಾಯ, ಹೆಪ್ಪುಗಟ್ಟುವಿಕೆ ಅಂತ ಐದು ವಿಷಯ ಬರೆದಿದ್ದಾರೆ. ಯಾವುದು ಬೇಕೋ ಅದನ್ನು ಓದಬಹುದು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ, ಪುಟ ತಿರುಗಿಸುತ್ತಾ ಹೋಗಬಹುದು. ಕೊನೆಯವರೆಗೂ ಓದಿದರೆ ಪಕ್ಕದಲ್ಲಿರುವ ಹುಡುಗಿ, ನನ್ನ ನೋಟ್ಸ್ ನೋಡಬೇಡ ಅಂತ ಗದರುತ್ತಾಳೆ. ಎಷ್ಟು ಚೆನ್ನಾಗಿದೆ ನೋಡಿ. ಪಾಠ ಕೇಳಿದ ಹಾಗಲ್ಲ, ಕದ್ದು ಓದಿದ ಹಾಗೆ. ಕದ್ದು ಓದಿದ್ದು ಯಾರಿಗೆ ಮರೆಯುತ್ತದೆ? ಈ ಆಟದಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದಾದ್ದರಿಂದ ಶಾಲೆಗೆ ಸೇವ್ ಪಾಯಿಂಟ್ ಬೇಕಾಗಲಿಲ್ಲ.

1997ರ ಫೈನಲ್ ಫ್ಯಾಂಟಸಿ 7ರಲ್ಲಿ ಆಯುಧದಂಗಡಿಯ ಮಹಡಿ ಮೇಲೆ ಹೊಸಬರ ಕೋಣೆ ಇದೆ. ಅಲ್ಲಿ ಸೇವ್ ಪಾಯಿಂಟೂ ಇದೆ, ಪೆಟ್ಟಿಗೆಯೂ ಇದೆ, ನೆಲದ ಮೇಲೆ ಒಂದು ಮಟೀರಿಯಾ, ಅಂದರೆ ಶಕ್ತಿ ಕೊಡುವ ಹರಳು, ಬಿದ್ದಿದೆ. ಆದರೆ ಮೇಷ್ಟ್ರು ಬದಲಾಗಿದ್ದಾರೆ. ಕೇಳುವವರು ಅಲ್ಲಿರುವ ಜನ, ಹೇಳುವವನು ನಮ್ಮ ನಾಯಕ ಕ್ಲೌಡ್. ನಮಗೆ ಗೊತ್ತಿಲ್ಲದ್ದನ್ನು ನಮ್ಮ ಪಾತ್ರದ ಬಾಯಲ್ಲೇ ಕೇಳಿ ಕಲಿಯುತ್ತೇವೆ. ಕ್ಲೌಡ್ ತನಗೆ ಎಲ್ಲ ಗೊತ್ತು ಅಂದುಕೊಂಡು ಓಡಾಡುವವನು. ಹಾಗಾಗಿ ಪಾಠವೇ ಅವನ ಸ್ವಭಾವವನ್ನೂ ತೋರಿಸಿಬಿಡುತ್ತದೆ.

ಎಂಟನೆಯ ಭಾಗ, 1999ರದು, ಶಾಲೆಯಲ್ಲೇ ಶುರುವಾಗುತ್ತದೆ. ಅಲ್ಲಿ ಲಿಖಿತ ಪರೀಕ್ಷೆಯೇ ಇದೆ. ಒಟ್ಟು 30 ಹಂತ, ಒಂದೊಂದರಲ್ಲಿ 10 ಪ್ರಶ್ನೆ, ಹೌದು ಅಥವಾ ಇಲ್ಲ ಅಂತ ಉತ್ತರ. ಹತ್ತಕ್ಕೆ ಹತ್ತೂ ಸರಿಯಾದರೆ ದರ್ಜೆ ಏರುತ್ತದೆ, ಸಂಬಳ ಜಾಸ್ತಿಯಾಗುತ್ತದೆ. ಆಟದ ನಿಯಮಗಳನ್ನು ಓದಿಸಲು ಸಂಬಳದ ಆಸೆ ತೋರಿಸಿದರು. ಯೋಚನೆ ಚೆನ್ನಾಗಿದೆ, ಆದರೆ ನನಗೆ ಇದು ನಾರ್ಶೆಯಷ್ಟು ಹಿಡಿಸುವುದಿಲ್ಲ. ಉತ್ತರ ಮಾತ್ರ ಹುಡುಕಿಕೊಂಡು ಬಂದು ಸಂಬಳ ಏರಿಸಿಕೊಳ್ಳಬಹುದು, ಆಗ ಕಲಿತದ್ದು ಏನೂ ಇರುವುದಿಲ್ಲ.

ಅರ್ತ್‌ಬೌಂಡ್ ಎಂಬ ಆಟ ಸುಳಿವನ್ನೇ ಅಂಗಡಿಗೆ ತಂದಿತು. ದುಡ್ಡು ಕೊಟ್ಟರೆ ಮುಂದೇನು ಮಾಡಬೇಕು ಅಂತ ಹೇಳುತ್ತಾರೆ. ಸೇವ್ ಮಾಡಲು ಅಪ್ಪನಿಗೆ ಫೋನ್ ಮಾಡಬೇಕು. ತುಂಬ ಹೊತ್ತು ಆಡಿದರೆ ಆ ಅಪ್ಪನೇ ಫೋನ್ ಮಾಡಿ, ಸ್ವಲ್ಪ ವಿಶ್ರಾಂತಿ ತಗೋಬಾರದಾ ಅಂತ ಕೇಳುತ್ತಾನೆ. ಇದನ್ನು ಮೊದಲ ಸಲ ಕಂಡಾಗ ನಾನು ನಿಜವಾಗಿಯೂ ಕಂಟ್ರೋಲರ್ ಕೆಳಗಿಟ್ಟೆ.

ನಿಮ್ಮ ಕೆಲಸಕ್ಕೆ ಬೇಕಾದ ಒಂದೆರಡು ಮಾತು ಹೇಳುತ್ತೇನೆ. ಶಾಲೆ ಕಟ್ಟಿದರೆ ಅದನ್ನು ಆಟಗಾರ ಹೇಗೂ ದಾಟಿಹೋಗುವ ದಾರಿಯಲ್ಲಿ ಕಟ್ಟಿ. ಮೆನುವಿನ ಏಳನೆಯ ಸಾಲಿನಲ್ಲಿ ಹೂತಿಟ್ಟ 'ಸಹಾಯ'ಕ್ಕೆ ಯಾರೂ ಹೋಗುವುದಿಲ್ಲ. ನಾರ್ಶೆಯ ಶಾಲೆಗೆ ಜನ ಮತ್ತೆ ಮತ್ತೆ ಬಂದದ್ದು ಪಾಠಕ್ಕೆ ಅಂತ ನಾನು ಹೇಳುವುದಿಲ್ಲ. ಬಂದದ್ದು ಬಕೆಟ್ ನೀರಿಗೆ, ಸೇವ್ ಪಾಯಿಂಟಿಗೆ. ಬಂದ ಮೇಲೆ ಹೇಗೂ ಬಂದಿದ್ದೇನಲ್ಲ ಅಂತ ಇನ್ನೊಬ್ಬ ಮೇಷ್ಟ್ರ ಹತ್ತಿರ ಮಾತಾಡಿದರು. ಬೇರೆ ಕೆಲಸಕ್ಕೆ ಬಂದವರ ಕಿವಿಗೆ ಪಾಠ ಬೀಳುವ ಹಾಗೆ ಮಾಡಿದ್ದಾರೆ. ಒಬ್ಬ ಮೇಷ್ಟ್ರಿಗೆ ಒಂದೇ ವಿಷಯ ಕೊಡಿ. ಎಲ್ಲವನ್ನೂ ಒಬ್ಬನ ಬಾಯಲ್ಲಿ ತುರುಕಿದರೆ ಆಟಗಾರ ಎರಡನೆಯ ಪುಟಕ್ಕೇ ಬಟನ್ ಒತ್ತಿ ಓಡಿಸುತ್ತಾನೆ. ಮತ್ತೆ, ಮುಂದಿನ ಕಥೆಯ ಗುಟ್ಟನ್ನು ಅಲ್ಲಿ ಬಿಟ್ಟುಕೊಡಬೇಡಿ. ಶಾಲೆಯಲ್ಲಿ ಸಿಗಬೇಕಾದ್ದು ನಿಯಮ, ಉತ್ತರವಲ್ಲ.

ಈ ಕೊನೆಯ ಮಾತಿಗೆ ಒಂದು ಉದಾಹರಣೆ. ಈ ಆಟದಲ್ಲಿ ಸತ್ತವರನ್ನು ಎಬ್ಬಿಸಲು ಫೀನಿಕ್ಸ್ ಗರಿ ಇದೆ. ಮುಂದೆ ಒಂದು ದೆವ್ವದ ರೈಲು ಬೆನ್ನಟ್ಟುತ್ತದೆ, ದೊಡ್ಡ ಬಾಸ್. ಅದು ಆಗಲೇ ಸತ್ತದ್ದು. ಹಾಗಾದರೆ ಜೀವ ಕೊಡುವ ವಸ್ತು ಅದಕ್ಕೆ ಏನು ಮಾಡಬೇಕು? ಯಾರೋ ಒಬ್ಬರು ಯೋಚಿಸಿ ಗರಿಯನ್ನು ರೈಲಿನ ಮೇಲೆ ಬಳಸಿದರು. ಒಂದೇ ಗರಿಗೆ ರೈಲು ಮುಗಿಯಿತು. 'ರೈಲಿಗೆ ಗರಿ ಹಾಕು' ಅಂತ ಯಾರಾದರೂ ಮೊದಲೇ ಹೇಳಿಬಿಟ್ಟರೆ ಆ ಸಂತೋಷ ಸತ್ತುಹೋಗುತ್ತದೆ. ದೆವ್ವಗಳಿಗೆ ಮದ್ದೇ ವಿಷ ಅನ್ನುವ ನಿಯಮ ಮಾತ್ರ ಗೊತ್ತಿದ್ದರೆ, ಉಳಿದದ್ದು ಆಟಗಾರನ ಸ್ವಂತ ಸಂಪಾದನೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಈಗ ಎಲ್ಲ ಆಟವೂ ತಾನೇ ಸೇವ್ ಆಗುತ್ತದೆ, ಸುಳಿವು ಬೇಕಾದರೆ ಫೋನಿನಲ್ಲಿ ಹುಡುಕಿದರೆ ಆಯಿತು, ಇನ್ನು ಶಾಲೆ ಯಾಕೆ ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಈ ಆಟದ ಹೊಸ ರೂಪ 2022ರಲ್ಲಿ ಬಂತು, ಅದರಲ್ಲಿ ಆಟೋಸೇವ್ ಇದೆ. ಲೆಕ್ಕಕ್ಕೆ ಶಾಲೆ ಬೇಕಾಗಿಲ್ಲ. ಆದರೂ ಅದನ್ನು ಕೆಡವಲಿಲ್ಲ, ಊರ ಬಾಗಿಲಲ್ಲಿ ಹಾಗೆಯೇ ಬಿಟ್ಟಿದ್ದಾರೆ. ಅಕ್ಕನ ಮಗಳಿಗೆ ಈ ರೂಪವನ್ನೂ ಹಾಕಿ ಕೊಟ್ಟಿದ್ದೆ. ಆಟ ತಾನೇ ಸೇವ್ ಆಗುತ್ತದೆ ಕಣೇ, ನೀನೇನೂ ಮಾಡಬೇಕಿಲ್ಲ ಅಂದೆ. "ಗೊತ್ತು ಮಾಮ" ಅಂದಳು. ಆಮೇಲೆ ಶಾಲೆಗೆ ಹೋಗಿ, ಬಕೆಟ್ ನೀರು ಕುಡಿದು, ಹೊಳೆಯುವ ಗುರುತಿನ ಮೇಲೆ ನಿಂತು, ತಾನೇ ಒಂದು ಸಲ ಸೇವ್ ಮಾಡಿಕೊಂಡು ಹೊರಗೆ ಹೋದಳು.